ಕರುಳು ಬೆಳೆಸುವ ರೋಬಾಟ್ ಸುದ್ದಿ ಬಂದರೆ ಹೀಗೆ ಓದಿ

ತಮ್ಮನ ಸಣ್ಣ ಕರುಳಿನ ಬಹುಪಾಲು ತೆಗೆದಿದ್ದಾರೆ ಅಂತ ಗೊತ್ತಾದಾಗಿನಿಂದ ನೆಂಟರೆಲ್ಲ ನನಗೆ ‘ಕರುಳು ಬೆಳೆಸುವ ರೋಬಾಟ್’ ಸುದ್ದಿ ಕಳಿಸುತ್ತಾರೆ. ನಿಮಗೂ ಬಂದರೆ ಮೊದಲು ಇದನ್ನು ನೋಡಿ: ಪ್ರಯೋಗ ಯಾರ ಮೇಲೆ, ಯಾವ ಅಂಗದ ಮೇಲೆ?

ಬಾಸ್ಟನ್ ಮಕ್ಕಳ ಆಸ್ಪತ್ರೆಯ ತಂಡ 2018ರಲ್ಲಿ ಪ್ರಕಟಿಸಿದ್ದು ಹಂದಿಗಳ ಅನ್ನನಾಳದ ಪ್ರಯೋಗ. ಕರುಳಿನದ್ದಲ್ಲ. ರೋಬಾಟ್ ಅಂದರೆ ಇಷ್ಟೇ: ನಾಳಕ್ಕೆ ಎರಡು ಉಂಗುರ ಹೊಲಿದು, ಪುಟ್ಟ ಮೋಟರ್‌ನಿಂದ ದಿನಕ್ಕೆ 2.5 ಮಿಲಿಮೀಟರ್ ದೂರ ಸರಿಸಿದರು. ಎಂಟೊಂಬತ್ತು ದಿನಕ್ಕೆ ಆ ಭಾಗ 77% ಉದ್ದವಾಯಿತು. ಸುಮ್ನೆ ರಬ್ಬರ್‌ನಂತೆ ಹಿಗ್ಗಿದ್ದಲ್ಲ, ಹೊಸ ಜೀವಕೋಶಗಳು ಹುಟ್ಟಿದ್ದವು. ಹಂದಿಗಳು ಎಚ್ಚರವಾಗಿ, ತಿಂದುಕೊಂಡು ಓಡಾಡುತ್ತಿದ್ದವು! ನನಗೆ ಇದೇ ದೊಡ್ಡದು ಅನ್ನಿಸಿದ್ದು.

ಆಮೇಲೆ ಡಾಕ್ಟರನ್ನು ಕೇಳಿ: ಕರುಳು ಉದ್ದವಾದರೆ ಸಾಕಾ, ಹೀರಿಕೊಳ್ಳೋದೂ ಬೇಕಲ್ವಾ? ಮನುಷ್ಯರ ಮೇಲೆ ಟ್ರಯಲ್ ಇದೆಯಾ? ನಮ್ಮವರಿಗೆ ಉಳಿದಿರುವ ಕರುಳು ಎಷ್ಟು ಸೆಂಟಿಮೀಟರ್? ಡಿಸ್ಚಾರ್ಜ್ ಪೇಪರಲ್ಲಿ ಬರೆದಿಲ್ಲದಿದ್ದರೆ ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ.

ಅಲ್ಲಿಯವರೆಗೆ, ಹೀಗೆ ಕರುಳು ತೆಗೆಸಿಕೊಂಡವರಿಗೆ ಬಾಯಾರಿದಾಗ ಬರೀ ನೀರನ್ನು ಲೋಟಗಟ್ಟಲೆ ಕುಡಿಸಬೇಡಿ, ಭೇದಿ ಜಾಸ್ತಿಯಾಗುತ್ತದೆ. ಡಾಕ್ಟರ್ ಹೇಳಿದ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕೊಡಿ.