ಒಂದು ಗೋಡೆಗೆ ಗಾಢ ಬಣ್ಣ: ಮಳೆಗಾಲದಲ್ಲಿ ಆರಿಸಿ, ಮಾಗಿಯಲ್ಲಿ ಬಳಿಯಿರಿ

ಚಾವಡಿಯ ಮೂರು ಗೋಡೆಗಳಿಗೆ ಬಿಳಿಯನ್ನೋ ಕೆನೆಬಣ್ಣವನ್ನೋ ಬಳಿದು, ನಾಲ್ಕನೆಯ ಗೋಡೆಗೆ ಮಾತ್ರ ಸಾಸಿವೆ ಹಳದಿ, ಕಡುನೀಲಿ ಅಥವಾ ಇಟ್ಟಿಗೆ ಕೆಂಪಿನಂಥ ಗಾಢ ಬಣ್ಣ ಕೊಡುವ ಆಸೆ ಈಗ ಮಂಗಳೂರು, ಉಡುಪಿಯ ಅನೇಕ ಮನೆಗಳಲ್ಲಿದೆ. ಆಸೆ ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಿ, ಮರುದಿನವೇ ಪೈಂಟರನ್ನು ಕರೆಸುವ ಕ್ರಮ ನಮ್ಮ ಕರಾವಳಿಗೆ ಒಗ್ಗುವುದಿಲ್ಲ. ಇಲ್ಲಿ ಗೋಡೆಯ ಪಸೆಯನ್ನೂ ನೆಲದ ಬಣ್ಣವನ್ನೂ ನಾಲ್ಕು ತಿಂಗಳ ಮೋಡದ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಡಬ್ಬಿ ಕೊಳ್ಳಬೇಕು.

ಇದನ್ನು ನಾನು ನಮ್ಮ ಮನೆಯ ಪಡುಗೋಡೆಯಿಂದ ಕಲಿತೆ. ಒಂದು ವರ್ಷ ಚೌತಿ ಮುಗಿದ ಕೂಡಲೇ, ಮಳೆ ತುಸು ಬಿಡುವು ಕೊಟ್ಟಿದೆಯೆಂದು ಅವಸರಪಟ್ಟು ಆ ಗೋಡೆಗೆ ಕಡುನೀಲಿ ಬಳಿಸಿದ್ದೆವು. ದೀಪಾವಳಿಗೆ ಬಂದವರೆಲ್ಲ ಮೆಚ್ಚಿಕೊಂಡರು. ಮರುವರ್ಷದ ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಸಣ್ಣ ಸಣ್ಣ ಗುಳ್ಳೆಯಾಗಿ ಎದ್ದಿತು. ಉಗುರಿನಿಂದ ಒತ್ತಿದರೆ ಒಡೆದು, ಒಳಗಿನಿಂದ ಉಪ್ಪಿನಂಥ ಬಿಳಿ ಹುಡಿ ಉದುರುತ್ತಿತ್ತು. ಬಿಳಿ ಗೋಡೆಯಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಡುನೀಲಿಯ ಮೇಲೆ ಮಾತ್ರ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು.

ಮೊದಲು ಗೋಡೆಯನ್ನು ಪರೀಕ್ಷಿಸಿ

ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನೈರುತ್ಯದ ಗಾಳಿ ಈ ಮಳೆಯನ್ನು ಓರೆಯಾಗಿ ತಂದು ಪಡುಗೋಡೆಗೂ ತೆಂಕುಗೋಡೆಗೂ ಬಡಿಯುತ್ತದೆ. ಹಳೆಯ ಮನೆಗಳ ಮುರಕಲ್ಲು ತೂತುತೂತಾದ ಕಲ್ಲು. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಆ ನೀರು ಒಳಬದಿಗೆ ಬಂದು ಆರುವಾಗ, ತನ್ನಲ್ಲಿ ಕರಗಿದ್ದ ಲವಣವನ್ನು ಮೇಲ್ಮೈಯಲ್ಲಿ ಬಿಟ್ಟು ಹೋಗುತ್ತದೆ. ನಾನು ಕಂಡ ಬಿಳಿ ಹುಡಿ ಅದೇ.

ಆದ್ದರಿಂದ ಗಾಢ ಬಣ್ಣಕ್ಕೆ ಮನೆಯ ಒಳಗಿನ ಅಡ್ಡಗೋಡೆಯನ್ನು ಆರಿಸುವುದು ಎಲ್ಲಕ್ಕಿಂತ ಸುರಕ್ಷಿತ. ಅದರ ಎರಡೂ ಬದಿಗೆ ಕೋಣೆಗಳಿರುವುದರಿಂದ ಮಳೆಯ ಹೊಡೆತ ತಾಗುವುದಿಲ್ಲ. ಆದರೂ ಅದರ ಆಚೆಗೆ ಬಚ್ಚಲುಮನೆ ಇದೆಯೇ, ಒಳಗೆ ನೀರಿನ ಪೈಪು ಹಾದುಹೋಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಹೊರಗೋಡೆಯೇ ಬೇಕೆಂದಿದ್ದರೆ ಮೊದಲು ಹೊರಬದಿಯ ಬಿರುಕು ಮುಚ್ಚಿಸಿ, ನೀರು ತಡೆಯುವ ಲೇಪ ಕೊಡಿಸಿ, ಒಂದು ಮಳೆಗಾಲ ಕಾದು ನೋಡಬೇಕು. ಒಳಗಿನಿಂದ ಎಷ್ಟೇ ದುಬಾರಿ ಬಣ್ಣ ಬಳಿದರೂ ಹೊರಗಿನಿಂದ ಬರುವ ನೀರು ನಿಲ್ಲುವುದಿಲ್ಲ.

ಪಸೆ ಇದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಸುಮಾರು ಎರಡಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗದಲ್ಲಿ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನದು, ಹೊರಮೈಯಲ್ಲಿ ಮಾತ್ರ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ಮೊದಲನೆಯದಾದರೆ ಬಣ್ಣದ ಕೆಲಸವನ್ನು ಮುಂದೂಡಬೇಕು. ಹೊಸ ಗಾರೆಯಾಗಿದ್ದರೆ ಕನಿಷ್ಠ 28 ದಿನ ಕಳೆದಿರಬೇಕು. ನಮ್ಮ ಹವೆಯಲ್ಲಿ ಅದಕ್ಕಿಂತ ಹೆಚ್ಚು ಕಾಯುವುದು ಲೇಸು.

ಬಣ್ಣವನ್ನು ಮನೆಯಲ್ಲೇ ಹುಡುಕಿ

ನಮ್ಮ ಹಳೆಯ ಮನೆಗಳಲ್ಲಿ ಗಾಢ ಬಣ್ಣವೊಂದು ಆಗಲೇ ಇದೆ, ಅದು ಕಾಲಡಿಯ ಕಾವಿ ನೆಲ. ತಲೆಯ ಮೇಲಿನ ಹಂಚೂ ಅದೇ ಬಳಗದ್ದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ನಮ್ಮೂರಿನ ಮಾಡುಗಳ ಗುರುತೇ ಆಗಿಬಿಟ್ಟಿತು. ಮುರಕಲ್ಲು, ಹಂಚು, ನೆಲ, ಈ ಮೂರಕ್ಕೂ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಹೀಗಿರುವಾಗ ಕಾವಿ ನೆಲದ ಚಾವಡಿಯ ಗೋಡೆಗೂ ಇನ್ನೊಂದು ಕೆಂಪನ್ನು ತಂದರೆ ಎರಡು ಕೆಂಪುಗಳೂ ಒಂದಕ್ಕೊಂದು ತಾಳೆಯಾಗದೆ, ಒಂದು ಇನ್ನೊಂದನ್ನು ಮಾಸಿದಂತೆ ಕಾಣಿಸುತ್ತದೆ. ಅಂಥ ಮನೆಗೆ ಸಾಸಿವೆ ಹಳದಿ, ಅಡಿಕೆ ಸೋಗೆಯ ಕಡುಹಸಿರು ಅಥವಾ ನೀಲಿಸೊಪ್ಪಿನ ನೀಲಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ. ಕೆಂಪು ನೆಲ ತನ್ನ ಛಾಯೆಯನ್ನು ಗೋಡೆಯ ಕೆಳಭಾಗದ ಮೇಲೆ ಚೆಲ್ಲುವುದರಿಂದ ತಿಳಿನೀಲಿಯಂಥ ಮೆದು ಬಣ್ಣಗಳು ಅಲ್ಲಿ ಕದಡಿದಂತೆ ಕಾಣುತ್ತವೆ, ಗಾಢ ಬಣ್ಣಗಳು ತಡೆದುಕೊಳ್ಳುತ್ತವೆ.

ಬಿಳಿ ಟೈಲ್ಸ್ ಹಾಕಿದ ಫ್ಲ್ಯಾಟುಗಳ ಮಾತು ಬೇರೆ. ಅಲ್ಲಿ ಕೆಂಪು ಎಲ್ಲಿಯೂ ಇರುವುದಿಲ್ಲವಾದ್ದರಿಂದ ಹಂಚಿನ ಕೆಂಪು ಅಥವಾ ಕಾವಿ ಬಣ್ಣದ ಒಂದು ಗೋಡೆ ಇಡೀ ಮನೆಗೆ ಬಿಸುಪು ಕೊಡುತ್ತದೆ. ಬಿಳಿ ಮತ್ತು ಕಾವಿಯ ಜೋಡಿ ನಮಗೆ ಹೊಸದೂ ಅಲ್ಲ. ಕೊಂಕಣ ಕರಾವಳಿಯ ದೇವಸ್ಥಾನಗಳಲ್ಲಿ ಕಾಣುವ ಕಾವಿ ಕಲೆಯಲ್ಲಿ, ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದನ್ನು ಹಸಿಯಿರುವಾಗಲೇ ಗೀರಿ, ಅಡಿಯ ಬಿಳಿಯನ್ನು ಹೊರತೆಗೆದು ಚಿತ್ರ ಬಿಡಿಸುತ್ತಾರೆ. ಎರಡೇ ಬಣ್ಣ, ಆದರೂ ಗೋಡೆ ತುಂಬಿದಂತೆ ಕಾಣುತ್ತದೆ. ಸಮುದ್ರ ಕಾಣುವ ಫ್ಲ್ಯಾಟಿಗೆ ನೀಲಿಯೇ ಸರಿಯೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕಡಲೂ ಬಾನೂ ಬೂದಿ ಬಣ್ಣಕ್ಕೆ ತಿರುಗಿದಾಗ ನೀಲಿ ಕೋಣೆಯೊಳಗೆ ಕುಳಿತವರಿಗೆ ಚಳಿ ಹತ್ತಿದಂತಾಗುತ್ತದೆ.

ಎಷ್ಟು ಬಳಿಯಬೇಕು ಎಂಬುದಕ್ಕೆ ಒಳಾಂಗಣ ವಿನ್ಯಾಸಕರು 60, 30, 10ರ ಸೂತ್ರ ಹೇಳುತ್ತಾರೆ: ಕೋಣೆಯ ನೂರರಲ್ಲಿ ಅರವತ್ತು ಪಾಲು ಮುಖ್ಯ ಬಣ್ಣ, ಮೂವತ್ತು ಜೊತೆಯ ಬಣ್ಣ, ಹತ್ತು ಎದ್ದು ಕಾಣುವ ಬಣ್ಣ. ಉಡುಪಿ ಕೈಮಗ್ಗದ ಸೀರೆಯನ್ನು ಬಿಡಿಸಿ ಹಾಸಿ ನೋಡಿದರೆ ಈ ಸೂತ್ರ ಬೇಗ ಅರ್ಥವಾಗುತ್ತದೆ. ಒಡಲು ಒಂದೇ ಬಣ್ಣದಲ್ಲಿ ತಣ್ಣಗೆ ಹರಡಿರುತ್ತದೆ, ಅಂಚು ಕೆಲವೇ ಬೆರಳಗಲ ಇದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಅದೇ ಬಣ್ಣ ಸೆರಗಿನಲ್ಲಿ ಇನ್ನೊಮ್ಮೆ ಬರುತ್ತದೆ. ಕೋಣೆಯಲ್ಲೂ ಹಾಗೆಯೇ, ಗೋಡೆಯ ಬಣ್ಣ ಬೇರೆ ಎರಡು ಕಡೆ ಚಿಕ್ಕದಾಗಿ ಮರಳಿ ಬರಬೇಕು: ಒಂದು ದಿಂಬಿನ ಕವರಿನಲ್ಲಿ, ಒಂದು ಹೂಕುಂಡದಲ್ಲಿ ಸಾಕು. ಐದಾರು ಕಡೆ ಬಂದರೆ ಗೋಡೆಯ ಗಾಂಭೀರ್ಯ ಹೋಗುತ್ತದೆ.

ಮೋಡದ ದಿನದಲ್ಲಿ ನೋಡಿ

ಅಂಗೈಯಗಲದ ಚೀಟಿಯಲ್ಲಿ ಕಂಡ ಬಣ್ಣ ಗೋಡೆಯಗಲಕ್ಕೆ ಹರಡಿದಾಗ ಬಹಳ ಬಿರುಸಾಗಿ ಕಾಣುತ್ತದೆ. ಹೀಗಾಗಿ ಮನಸ್ಸಿಗೆ ಬಂದ ಎರಡು ಮೂರು ಬಣ್ಣಗಳ ಚಿಕ್ಕ ಡಬ್ಬಿ ತಂದು, ಎರಡಡಿ ಉದ್ದಗಲದ ದಪ್ಪ ರಟ್ಟಿಗೆ ಎರಡು ಕೋಟ್ ಹೊಡೆದು, ಗೋಡೆಗೆ ಒರಗಿಸಿಡಿ. ಗೋಡೆಗೇ ನೇರವಾಗಿ ಬಳಿದರೆ ಪಕ್ಕದ ಹಳೆಯ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ರಟ್ಟನ್ನಾದರೆ ಕಿಟಕಿಯ ಪಕ್ಕದಿಂದ ಮೂಲೆಗೆ, ಮೂಲೆಯಿಂದ ಸೋಫಾದ ಹಿಂದಕ್ಕೆ ಸರಿಸಿ ನೋಡಬಹುದು.

ಈ ಕೆಲಸವನ್ನು ಜುಲೈ, ಆಗಸ್ಟ್ ತಿಂಗಳಲ್ಲೇ ಮಾಡಬೇಕು ಎಂಬುದು ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಡಿಸೆಂಬರಿನ ಹೊಂಬಿಸಿಲಿನಲ್ಲಿ ಯಾವ ಬಣ್ಣವಾದರೂ ಚೆಂದ ಕಾಣುತ್ತದೆ. ವರ್ಷದ ಮೂರನೆಯ ಒಂದು ಪಾಲು ನಾವು ಬದುಕುವುದು ಮೋಡದ ಬೆಳಕಿನಲ್ಲಿ, ಅದೂ ಹೊರಗಿನ ತೆಂಗು, ಬಾಳೆ, ಹುಲ್ಲಿನ ಮೇಲೆ ಬಿದ್ದು ಹಸಿರು ಬೆರೆತು ಕಿಟಕಿಯೊಳಗೆ ಬರುವ ಬೆಳಕಿನಲ್ಲಿ. ಆ ಬೆಳಕಿಗೆ ಇಟ್ಟಿಗೆ ಕೆಂಪು ಕಂದಾಗುತ್ತದೆ, ಹಸಿರು ಇನ್ನಷ್ಟು ಹಸಿರಾಗುತ್ತದೆ, ಸಾಸಿವೆ ಹಳದಿ ಹೆಚ್ಚು ಬದಲಾಗುವುದಿಲ್ಲ. ಮುಸ್ಸಂಜೆ ದೀಪ ಹಚ್ಚುವ ಮೊದಲೂ ಒಮ್ಮೆ ನೋಡಬೇಕು. ಮಬ್ಬು ಕವಿದಂತೆ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗುತ್ತ ಹೋಗಿ, ನೀಲಿ ಬೆಳಗಿದಂತೆ ಕಾಣುವುದನ್ನು ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದ. ಕೊನೆಗೆ ರಾತ್ರಿ ದೀಪದಲ್ಲಿ ನೋಡಿ. 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಎಲ್‌ಇಡಿ ದೀಪ ಬೆಚ್ಚನೆಯ ಬಣ್ಣಗಳ ಕಳೆ ತೆಗೆಯುತ್ತದೆ; ಕೆಂಪು, ಹಳದಿ ಗೋಡೆಗಳಿಗೆ 2700ರಿಂದ 3000 ಕೆಲ್ವಿನ್ ದೀಪ ಒಳ್ಳೆಯದು. ಹಲವು ಸಲ ಬಣ್ಣ ಬದಲಿಸುವುದಕ್ಕಿಂತ ಬಲ್ಬು ಬದಲಿಸುವುದೇ ಸಾಕಾಗುತ್ತದೆ.

ಬಳಿಯುವ ಕೆಲಸ

ಡಿಸೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ, ಆಗ ಕೆಲಸಕ್ಕೆ ಇಳಿಯಬಹುದು. ಬೂಷ್ಟು ಹಿಡಿದ ಕಲೆಗಳಿದ್ದರೆ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಬಚ್ಚಲು ತೊಳೆಯುವ ಆ್ಯಸಿಡನ್ನು ಇದರೊಂದಿಗೆ ಎಂದಿಗೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಸಡಿಲವಾದ ಹಳೆಯ ಬಣ್ಣವನ್ನು ಕೆರೆದು, ಎಮರಿ ಪೇಪರಿನಲ್ಲಿ ಉಜ್ಜಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಹೊಳಪು ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರಿನಲ್ಲಿ ಸೀಸವಿರಬಹುದು. ಅಂಥ ಬಾಗಿಲು, ಗೋಡೆಗಳನ್ನು ಒಣದಾಗಿ ಉಜ್ಜದೆ ನೀರು ಚಿಮುಕಿಸಿ ಉಜ್ಜಬೇಕು, ಮಾಸ್ಕ್ ಧರಿಸಬೇಕು. ಮಕ್ಕಳೂ ಬಸುರಿಯರೂ ಆ ಹೊತ್ತಿಗೆ ಮನೆಯಲ್ಲಿ ಇರಬಾರದು.

ಪುಟ್ಟಿ ಹಾಕಿ ಸಮ ಮಾಡಿದ ಮೇಲೆ ಪ್ರೈಮರ್ ಬರುತ್ತದೆ. ಬಿಳಿ ಪ್ರೈಮರಿನ ಮೇಲೆ ಉಜ್ವಲ ಕೆಂಪು ಅಥವಾ ಹಳದಿ ಬಳಿದರೆ ಮೂರು ನಾಲ್ಕು ಕೋಟ್ ಆದರೂ ಅಡಿಯ ಬಿಳಿ ಇಣುಕುತ್ತಿರುತ್ತದೆ, ಏಕೆಂದರೆ ಆ ಬಣ್ಣಗಳ ವರ್ಣದ್ರವ್ಯ ಸ್ವಭಾವತಃ ಪಾರದರ್ಶಕ. ಕೆಂಪಿಗಾದರೆ ಪ್ರೈಮರಿಗೆ ತುಸು ಬೂದುಬಣ್ಣ ಬೆರೆಸಿಕೊಡಲು ಅಂಗಡಿಯವರಿಗೆ ಹೇಳಿ. ಒಂದು ಕೋಟ್ ಉಳಿಯುತ್ತದೆ. ಕಬ್ಬಿಣದ ಆಕ್ಸೈಡಿನಿಂದಾದ ಕಾವಿ, ಇಟ್ಟಿಗೆ ಬಣ್ಣಗಳಿಗೆ ಈ ತೊಂದರೆ ಇಲ್ಲ. ಅವು ಚೆನ್ನಾಗಿ ಮುಚ್ಚುತ್ತವೆ, ಬಿಸಿಲಿಗೂ ಬೇಗ ಮಾಸುವುದಿಲ್ಲ.

ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಗೋಡೆಯೆಂದರೆ 120 ಚದರಡಿ. ಒಂದು ಲೀಟರ್ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆಯ ಬಣ್ಣ) ಒಂದು ಕೋಟ್‌ಗೆ ಹೆಚ್ಚುಕಡಿಮೆ ಅಷ್ಟನ್ನೇ ಮುಚ್ಚುತ್ತದೆಂದು ಹಿಡಿದರೆ, ಎರಡು ಕೋಟ್‌ಗೆ ಎರಡು ಲೀಟರ್, ಮೂರು ಬೇಕಾದಲ್ಲಿ ಮೂರು ಲೀಟರ್. ಡಬ್ಬಿಯ ಮೇಲಿನ ಅಂಕಿಯನ್ನೂ ನೋಡಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಕೊಂಡು, ಒಂದೇ ಬಕೆಟಿಗೆ ಸುರಿದು ಕಲಸಿಕೊಳ್ಳಬೇಕು. ಬೇರೆ ಬೇರೆ ದಿನ ಬೆರೆಸಿದ ಬಣ್ಣಗಳ ನಡುವೆ ಕೂದಲೆಳೆಯ ವ್ಯತ್ಯಾಸವಿದ್ದರೂ ಗಾಢ ಗೋಡೆಯಲ್ಲಿ ಅದು ಎದ್ದು ಕಾಣುತ್ತದೆ. ಹೊಳಪಿನ ಬಣ್ಣ ಗೋಡೆಯ ಉಬ್ಬುತಗ್ಗನ್ನೆಲ್ಲ ಬಯಲು ಮಾಡುತ್ತದೆ, ಹೊಳಪಿಲ್ಲದ್ದು ಮುಚ್ಚುತ್ತದೆ. ಜನ ಓಡಾಡಿ ಕೈ ತಾಗುವ ಗೋಡೆಯಾದರೆ ಒರೆಸಲು ಬರುವಂತೆ ಮಂದ ಹೊಳಪಿನದನ್ನು ಆರಿಸಬಹುದು.

ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡಿಂಚಿನ ಬ್ರಷ್‌ನಲ್ಲಿ ಸುತ್ತ ಗೆರೆ ಎಳೆದು, ಆ ಗೆರೆ ಆರುವ ಮೊದಲೇ ರೋಲರ್ ಹಿಡಿಯಬೇಕು. ಮೇಲಿನಿಂದ ಕೆಳಕ್ಕೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತ, ಹಿಂದಿನ ಪಟ್ಟೆ ಹಸಿಯಿರುವಾಗಲೇ ಮುಂದಿನದನ್ನು ಅದಕ್ಕೆ ಕೂಡಿಸಬೇಕು. ನಡುವೆ ಊಟಕ್ಕೆ ಎದ್ದರೆ ನಿಲ್ಲಿಸಿದ ಕಡೆ ಗೆರೆ ಉಳಿಯುತ್ತದೆ, ಎಷ್ಟು ಬಳಿದರೂ ಹೋಗುವುದಿಲ್ಲ. ಫ್ಯಾನ್ ಕೂಡ ಆರಿಸಿಡುವುದು ಒಳ್ಳೆಯದು. ಒಂದು ಕೋಟ್ ಆದ ಮೇಲೆ ನಾಲ್ಕು ಗಂಟೆಯಾದರೂ ಬಿಟ್ಟು ಮುಂದಿನದು. ಕೊನೆಯ ಕೋಟ್ ಇನ್ನೂ ತುಸು ಅಂಟಾಗಿರುವಾಗಲೇ ಟೇಪನ್ನು ಓರೆಯಾಗಿ ನಿಧಾನವಾಗಿ ಎಳೆದು ತೆಗೆದರೆ ಅಂಚು ಕತ್ತರಿಸಿದಂತೆ ನೇರವಾಗಿ ಬರುತ್ತದೆ.

ಬಾಡಿಗೆ ಮನೆಯಾಗಿದ್ದು ಗೋಡೆ ಮುಟ್ಟುವಂತಿಲ್ಲವಾದರೆ, ಗೋಡೆಯ ಬದಲು ಒಂದು ಪುಸ್ತಕದ ಕಪಾಟಿಗೋ ಹಳೆಯ ಮರದ ಬೆಂಚಿಗೋ ಇದೇ ಬಣ್ಣ ಕೊಡಬಹುದು. ಗಾಢ ಬಣ್ಣದ ಕೈಮಗ್ಗದ ಸೀರೆಯೊಂದನ್ನು ಬಿದಿರ ಗಳುವಿಗೆ ಇಳಿಬಿಟ್ಟು ತೂಗಿದರೂ ಆ ಜಾಗ ತುಂಬುತ್ತದೆ.

ಬಣ್ಣ ಆರಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಸೋಫಾ, ಕಪಾಟುಗಳನ್ನು ಮರಳಿ ಇಡುವಾಗ ಗೋಡೆಯಿಂದ ನಾಲ್ಕಿಂಚು ದೂರವಿಟ್ಟರೆ ಮಳೆಗಾಲದಲ್ಲಿ ಹಿಂದೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ. ಉಳಿದ ಬಣ್ಣವನ್ನು ಅಂಚಿನವರೆಗೆ ತುಂಬುವಂಥ ಚಿಕ್ಕ ಬಾಟಲಿಗೆ ಸುರಿದು ಮುಚ್ಚಳ ಬಿಗಿಯಿರಿ, ಬಣ್ಣದ ಸಂಖ್ಯೆಯನ್ನೂ ಬಳಿದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಅದೇ ಕೋಣೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಡಿ.