ಫೈಟರ್ ಮೀನಿಗೆ ಜೊತೆ ಬೇಕಿದ್ದರೆ ಅದನ್ನು ಕೊನೆಗೆ ಬಿಡಿ

ಗಂಡು ಫೈಟರ್ ಜೊತೆ ಬೇರೆ ಮೀನು ಸಾಕುವ ಆಸೆ ಇದ್ದರೆ, ಉಳಿದವನ್ನೆಲ್ಲ ಮೊದಲು ತೊಟ್ಟಿಗೆ ಬಿಟ್ಟು ಫೈಟರನ್ನು ಕೊನೆಗೆ ಬಿಡಿ. ಅದು ಈಗಾಗಲೇ ತೊಟ್ಟಿಯಲ್ಲಿದ್ದರೆ ಒಂದೆರಡು ದಿನ ಬೇರೆ ಪಾತ್ರೆಯಲ್ಲಿಡಿ, ಕಲ್ಲು, ಗಿಡಗಳ ಜಾಗ ಬದಲಿಸಿ, ಹೊಸಬರು ಅಡಗುವ ಮೂಲೆ ಕಂಡುಕೊಂಡ ಮೇಲೆ ವಾಪಸ್ ಬಿಡಿ. ಫೈಟರ್ ತಾನು ಗುರುತಿಟ್ಟುಕೊಂಡ ಜಾಗವನ್ನು ಕಾಯುವ ಮೀನು. ಗುರುತುಗಳೇ ಬದಲಾದರೆ ಯಾವುದು ತನ್ನದು ಅಂತ ಅದಕ್ಕೂ ಗೊತ್ತಾಗುವುದಿಲ್ಲ. ಜೊತೆಗಾರರನ್ನು ಆರಿಸುವಾಗ ಬಾಲ ನೋಡಿ. ಗಪ್ಪಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಅದರ ಅಗಲವಾದ ಬಣ್ಣದ ಬಾಲ ಕಂಡರೆ ಇನ್ನೊಂದು ಗಂಡು ಬಂತೆಂದು ಫೈಟರ್ ಅದರ ಮೇಲೆ ಬೀಳಬಹುದು. ಟೈಗರ್ ಬಾರ್ಬ್ ಇನ್ನೂ ಬೇಡ, ಅದು ಫೈಟರ್ ಬಾಲವನ್ನೇ ಕಚ್ಚಿ ಹರಿಯುತ್ತದೆ. ಫೈಟರ್ ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬರುವುದರಿಂದ ಹೆಚ್ಚಾಗಿ ಅಲ್ಲೇ ಓಡಾಡುತ್ತದೆ. ಹಾಗಾಗಿ ತಳದಲ್ಲಿ ಮೇಯುವ ಕೋರಿಡೋರಸ್ ಒಳ್ಳೆಯ ಆಯ್ಕೆ, ಆದರೆ ಅದನ್ನು ಒಂಟಿಯಾಗಿ ತರಬೇಡಿ, ಕನಿಷ್ಠ 6 ಇರಲಿ. ತಳದಲ್ಲೇ ಇರುವ ಕೂಲಿ ಲೋಚ್ ಎಂಬ ಮೀನು ಕೂಡ ಸರಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಚಿಕ್ಕ ಗಾಜಿನ ಬೋಗುಣಿಯಲ್ಲಿ ಇದು ನಡೆಯದು, ಓಡಿ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಎರಡು ಗಂಡು ಫೈಟರ್‌ಗಳಿಗಂತೂ ಯಾವ ಉಪಾಯವೂ ಇಲ್ಲ. ಕೆಲವು ಫೈಟರ್‌ಗಳ ಸ್ವಭಾವವೇ ಜಗಳಗಂಟಿತನ: ಕಿವಿರು ಅಗಲಿಸಿ ಒಂದೇ ಮೀನನ್ನು ಮೂಲೆವರೆಗೂ ಅಟ್ಟುತ್ತಿದ್ದರೆ, ಅಥವಾ ಯಾವುದರದ್ದಾದರೂ ರೆಕ್ಕೆ ಹರಿದದ್ದು ಕಂಡರೆ, ಹೊಂದಿಕೊಳ್ಳಲಿ ಅಂತ ಕಾಯದೆ ಅವತ್ತೇ ಫೈಟರನ್ನು ಬೇರೆ ಮಾಡಿ.