ಟಾರ್ಕ್ ಕನ್ವರ್ಟರ್ ಪೂರ್ತಿ ಕೂತ ಮೇಲೇ ಬೋಲ್ಟ್ ಮುಟ್ಟಿ

ಮೈಸೂರಾಗಲಿ ಮಂಡ್ಯವಾಗಲಿ, ಕ್ಲಚ್ ಗಾಡಿಯ ಗೇರ್‌ಬಾಕ್ಸನ್ನು ಕಣ್ಣು ಮುಚ್ಚಿ ಇಳಿಸಿ ಏರಿಸುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಕ್ಲಚ್ಚಿನ ಬದಲು ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ದುಂಡು ಡಬ್ಬ ಇರುವ ಆಟೋಮ್ಯಾಟಿಕ್ ಗಾಡಿಗೆ ಬಂದಾಗ ಆ ಅಭ್ಯಾಸವೇ ಕೈ ಕೊಡುತ್ತದೆ. ಕೊನೆಯ ಅರ್ಧ ಇಂಚು ಒಳಗೆ ಹೋಗದಿದ್ದರೆ ಬೋಲ್ಟ್ ಹಾಕಿ ಎಳೆದುಬಿಡೋಣ ಅಂತಾರಲ್ಲ, ಅದೊಂದನ್ನು ಇಲ್ಲಿ ಮಾಡಲೇಬೇಡಿ. ಒಳಗಿನ ಆಯಿಲ್ ಪಂಪ್ ಒಡೆಯುತ್ತದೆ, ರಿಪೇರಿ ಮಾಡಿಸಿದ ದುಡ್ಡೆಲ್ಲ ನೀರಲ್ಲಿ ಹೋಮ.

ಮೊದಲು ನಿಮ್ಮದು ಯಾವ ಆಟೋಮ್ಯಾಟಿಕ್ ಅಂತ ಖಾತ್ರಿ ಮಾಡಿಕೊಳ್ಳಿ. ಎಎಂಟಿ (ಕ್ಲಚ್ಚನ್ನೂ ಗೇರನ್ನೂ ತಾನೇ ಬದಲಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸ್) ಗಾಡಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಅದಕ್ಕೂ ಈ ಬರಹಕ್ಕೂ ಸಂಬಂಧ ಇಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಗಾಡಿ ಸ್ಟ್ಯಾಂಡ್ ಮೇಲೆ ಇರಲಿ, ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ಹಳೆ ಗೇರ್‌ಬಾಕ್ಸ್ ಸವೆದು ಹೋಗಿದ್ದರೆ ಅದರ ಕಬ್ಬಿಣದ ಪುಡಿ ಅದರ ಆಯಿಲ್ ತಣ್ಣಗೆ ಮಾಡುವ ಕೂಲರ್‌ನಲ್ಲಿ, ಪೈಪುಗಳಲ್ಲಿ ಕೂತಿರುತ್ತದೆ. ಅದನ್ನು ಫ್ಲಶ್ ಮಾಡದೆ ಹೊಸದನ್ನು ಜೋಡಿಸಿದರೆ ಆ ಪುಡಿ ನೇರವಾಗಿ ಹೊಸದರ ಹೊಟ್ಟೆಗೇ ಹೋಗುತ್ತದೆ. ಫ್ಲೆಕ್ಸ್ ಪ್ಲೇಟನ್ನು, ಅಂದರೆ ಎಂಜಿನ್ನಿನ ಕ್ರ್ಯಾಂಕಿಗೆ ಕನ್ವರ್ಟರನ್ನು ಜೋಡಿಸುವ ತೆಳು ತಟ್ಟೆಯನ್ನು, ಬೆಳಕಿಗೆ ಹಿಡಿದು, ಕ್ರ್ಯಾಂಕ್ ಬೋಲ್ಟ್ ತೂತುಗಳ ಸುತ್ತ ಕೂದಲೆಳೆ ಬಿರುಕು ಇದೆಯಾ ನೋಡಿ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಬದಲಿಸುವುದಿದ್ದರೆ ಈಗಲೇ ಬದಲಿಸಿ, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕರ್ಮ ಯಾರಿಗೆ ಬೇಕು. ಎರಡನ್ನೂ ನೇರಕ್ಕೆ ಕೂರಿಸುವ ಡೋವೆಲ್ ಪಿನ್ನುಗಳು ಜಾಗದಲ್ಲಿ ಇರಲೇಬೇಕು. ಅವಿಲ್ಲದಿದ್ದರೆ ಗೇರ್‌ಬಾಕ್ಸ್ ಎಂಜಿನ್ನಿಗೆ ನೇರವಾಗಿ ಕೂರುವುದಿಲ್ಲ, ಪಂಪಿನ ಬುಷ್ಷೂ ಸೀಲೂ ಬೇಗ ಸವೆಯುತ್ತವೆ.

ಈಗ ಅಸಲಿ ಕೆಲಸ. ಕನ್ವರ್ಟರ್ ಒಳಗೆ ಸುಮಾರು ಒಂದು ಲೀಟರ್ ಸರಿಯಾದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಸುರಿಯಿರಿ, ಪಂಪ್ ಸೀಲಿನ ತುಟಿಗೂ ಅದನ್ನೇ ಸವರಿ. ಕನ್ವರ್ಟರ್ ಭಾರ ಇರುತ್ತದೆ, ನೇರವಾಗಿ ಹಿಡಿದು ಗೇರ್‌ಬಾಕ್ಸಿನ ಶಾಫ್ಟ್ ಮೇಲೆ ಏರಿಸಿ. ಅದರ ತೂಕ ಸೀಲ್ ಮೇಲೆ ಬೀಳಬಾರದು. ಆಮೇಲೆ ಮೆಲ್ಲಗೆ ಒತ್ತುತ್ತಾ ಆಚೆ ಈಚೆ ತಿರುಗಿಸಿ. ಕನ್ವರ್ಟರ್ ಒಳಗೆ ಟರ್ಬೈನ್, ಸ್ಟೇಟರ್ ಅಂತ ರೆಕ್ಕೆಯ ಚಕ್ರಗಳಿವೆ, ಹಿಂದೆ ಹಬ್ ಅನ್ನುವ ಕುತ್ತಿಗೆ ಇದೆ. ಟರ್ಬೈನಿಗೆ ಇನ್‌ಪುಟ್ ಶಾಫ್ಟಿನ ಹಲ್ಲು, ಸ್ಟೇಟರಿಗೆ ಅದರ ಸಪೋರ್ಟಿನ ಹಲ್ಲು, ಹಬ್ಬಿಗೆ ಪಂಪಿನ ಗೇರು, ಹೀಗೆ ಒಂದೊಂದೂ ಸಿಕ್ಕಾಗ ಟಕ್ ಅಂತ ಇನ್ನಷ್ಟು ಒಳಗೆ ಜಾರುತ್ತದೆ. ಎಷ್ಟೋ ಜನ ಮೊದಲ ಎರಡು ಸಿಕ್ಕಿದ ಕೂಡಲೇ ಆಯ್ತು ಅಂದುಕೊಳ್ಳುತ್ತಾರೆ. ಪಂಪಿಗೆ ಇನ್ನೂ ಸಿಕ್ಕಿರುವುದೇ ಇಲ್ಲ!

ಸದ್ದು ನಂಬಬೇಡಿ, ಅಳತೆ ನಂಬಿ. ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೆ ಕೂರುವ ಗೇರ್‌ಬಾಕ್ಸಿನ ಅಗಲ ಮುಂಭಾಗದ ಬಾಯಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟ್ ಕೂರುವ ಜಾಗಕ್ಕೆ ಎಷ್ಟು ಆಳ ಇದೆ ಅಂತ ವರ್ನಿಯರ್‌ನಲ್ಲಿ ನೋಡಿ, ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗೆ ತಾಳೆ ಹಾಕಿ. ಆಳ ಕಡಿಮೆ ಬಂತು ಅಂದರೆ ಕೂತಿಲ್ಲ, ಮತ್ತೆ ತಿರುಗಿಸಿ. ಸರಿಯಾಗಿ ಕೂತ ಮೇಲೆ, ಎತ್ತುವಾಗ ಮುಂದಕ್ಕೆ ಜಾರದಂತೆ ಅಡ್ಡ ಒಂದು ಪಟ್ಟಿ ಕಟ್ಟಿ. ಎಂಜಿನ್ ಹತ್ತಿರ ಹೋದಾಗ ಅದನ್ನು ಬಿಚ್ಚಿ.

ಜ್ಯಾಕಿನಲ್ಲಿ ಎತ್ತಿ ಡೋವೆಲ್‌ಗೆ ನೇರ ಮಾಡಿದರೆ ಎರಡೂ ಮುಖ ಕೈಯಲ್ಲೇ ಒಂದಾಗಬೇಕು. ಸಂದು ಉಳಿದರೆ ಹಿಂದಕ್ಕೆ ಎಳೆದು ಮತ್ತೆ ನೋಡಿ. ಬೆಲ್ ಹೌಸಿಂಗ್ ಬೋಲ್ಟ್ ಬಿಗಿಯಾದ ಮೇಲೂ ಕನ್ವರ್ಟರ್ ಕೈಯಲ್ಲಿ ಆರಾಮಾಗಿ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ಹಲವು ಗಾಡಿಗಳಲ್ಲಿ ಇದು 3ರಿಂದ 5 ಮಿ.ಮೀ. ತಿರುಗದೆ ಹಿಡಿದುಕೊಂಡಿದ್ದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ. ಬೇಜಾರೇ, ಆದರೆ ಪಂಪ್ ಒಡೆಯುವುದಕ್ಕಿಂತ ವಾಸಿ ಅಲ್ವಾ?

ಕನ್ವರ್ಟರ್ ಬೋಲ್ಟುಗಳನ್ನು ಎಲ್ಲ ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ ಕ್ರ್ಯಾಂಕ್ ತಿರುಗಿಸುತ್ತಾ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಡಬ್ಬದಲ್ಲಿ ಸಿಕ್ಕ ಯಾವುದೋ ಉದ್ದ ಬೋಲ್ಟ್ ಹಾಕಬೇಡಿ. ಅದು ಕನ್ವರ್ಟರಿನ ಕವರನ್ನು ಒಳಕ್ಕೆ ಉಬ್ಬಿಸಿ, ಅದರೊಳಗಿನ ಲಾಕಪ್ ಕ್ಲಚ್ (ಓಟದಲ್ಲಿ ಕನ್ವರ್ಟರ್ ಜಾರದಂತೆ ಹಿಡಿಯುವ ಕ್ಲಚ್) ಹಾಳುಮಾಡುತ್ತದೆ.

ಮೌಂಟ್, ಕೂಲರ್ ಪೈಪ್, ವೈರು, ಗೇರ್ ಕೇಬಲ್ ಜೋಡಿಸುವುದು ನಿಮಗೆ ಗೊತ್ತಿರುವ ಕೆಲಸ. ಪಿ (ಪಾರ್ಕ್) ಮತ್ತು ಎನ್ (ನ್ಯೂಟ್ರಲ್) ಬಿಟ್ಟು ಬೇರೆ ಗೇರಲ್ಲಿ ಸ್ಟಾರ್ಟ್ ಆಗಬಾರದು, ಅದೊಂದು ನೋಡಿ. ಎಟಿಎಫ್ ಕೆಂಪಗಿದ್ದರೆ ಸಾಕು ಅನ್ನಬೇಡಿ, ಮ್ಯಾನ್ಯುಯಲ್ ಹೇಳಿದ ನಮೂನೆಯದ್ದೇ ಹಾಕಿ. ಸ್ಟಾರ್ಟ್ ಮಾಡಿ, ಬ್ರೇಕ್ ತುಳಿದು, ಎಲ್ಲ ಗೇರುಗಳಲ್ಲೂ ಒಂದೊಂದು ಕ್ಷಣ ನಿಲ್ಲಿಸಿ, ಆಮೇಲೆ ಮಟ್ಟ ನೋಡಿ. ಸಾಮಾನ್ಯವಾಗಿ ಎಂಜಿನ್ ಓಡುತ್ತಿರುವಾಗಲೇ ನೋಡುವುದು, ಆದರೆ ಹೋಂಡಾದ ಹಲವು ಗಾಡಿಗಳಲ್ಲಿ ಬಿಸಿ ಮಾಡಿ ಆಫ್ ಮಾಡಿದ ಮೇಲೆ ನೋಡಬೇಕು. ಕುಂಯ್ ಅನ್ನುವ ಸದ್ದು ಬಂದರೆ ತಕ್ಷಣ ಆಫ್ ಮಾಡಿ.

ಮೊದಲ ಓಟಕ್ಕೆ ರಿಂಗ್ ರೋಡ್ ಸಾಕು. ಗಾಡಿ ರೆಡಿಯಾಯ್ತು, ಪೂಜೆ ಮಾಡಿಸೋಣ ಅಂತ ಭಾನುವಾರ ನೇರ ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ. ಆ ರಶ್ಶಲ್ಲಿ ನಿಂತು ನಿಂತು ಏರುವಾಗ ಕನ್ವರ್ಟರ್ ಜಾರಿ ಆಯಿಲ್ ಚೆನ್ನಾಗಿ ಕಾಯುತ್ತದೆ. ತಾಯಿ ಇನ್ನೊಂದು ವಾರ ಕಾಯ್ತಾಳೆ ಬಿಡಿ. ಮಾರನೇ ದಿನ ಬೆಲ್ ಹೌಸಿಂಗ್ ಕೆಳಗೆ ರಟ್ಟು ಹಾಸಿ ನೋಡಿ. ಕೆಂಪು ಹನಿ ಬಿದ್ದಿದ್ದರೆ ಮೊದಲ ಅನುಮಾನ ಪಂಪ್ ಸೀಲಿನ ಮೇಲೆ, ಕಪ್ಪಗಿದ್ದರೆ ಎಂಜಿನ್ನಿನ ಹಿಂದಿನ ಸೀಲಿನ ಮೇಲೆ.